14 ಕಿ.ಮೀ. ಗುಡ್ಡದ ದಾರಿ, ಒಂದೇ ದಿನಕ್ಕೆ ಆಗುತ್ತಾ?

14 ಕಿ.ಮೀ. ದೂರ, 900 ಮೀಟರ್ ಏರು, ನಡುವೆ ಒಂದೂ ಮನೆಯಿಲ್ಲ. ಬೆಳಗ್ಗೆ 10ಕ್ಕೆ ಹೊರಟರೆ ಕತ್ತಲಾಗೋದರೊಳಗೆ ಆಚೆ ಹಳ್ಳಿ ಸೇರಬಹುದಾ ಅಂತ ಕೇಳಿದ್ದೀರಿ. ಸೇರಬಹುದು. ಆದರೂ 6ಕ್ಕೇ ಹೊರಡಿ ಅಂತೀನಿ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ನಾಲ್ಕೂಕಾಲು ಗಂಟೆ ಆಯಿತು. ಆದರೆ ಅದು ಎಲ್ಲೂ ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಬೆನ್ನ ಮೇಲೆ ಚೀಲ, ಊಟ, ದಾರಿ ಹುಡುಕೋದು ಎಲ್ಲ ಸೇರಿದರೆ ಏಳು ಗಂಟೆ ಇಟ್ಟುಕೊಳ್ಳಿ.

ನನಗೆ ಜಾಸ್ತಿ ಚಿಂತೆ ದಾರಿ ತಪ್ಪೋದರ ಬಗ್ಗೆ. ದನ ಮೇಯುವ ಗುಡ್ಡದಲ್ಲಿ ಕಾಲುದಾರಿಗಳು ಹತ್ತಾರು ಇರುತ್ತವೆ. ದನ ತುಳಿದ ದಾರಿ ಹುಲ್ಲು, ನೀರಿನ ಕಡೆ ಕವಲೊಡೆದು ಸುಮ್ನೆ ಮಾಯವಾಗುತ್ತದೆ. ಎದೆಮಟ್ಟದ ಕೊಂಬೆಗಳು ಪದೇ ಪದೇ ಮೈಗೆ ತಾಗುತ್ತಿದ್ದರೆ ಅನುಮಾನಪಡಿ. ಜನ ಓಡಾಡುವ ದಾರಿಯಲ್ಲಿ ಕತ್ತಿಯಿಂದ ಕಡಿದ ಕೊಂಬೆಯ ತುದಿ, ಕಾಲು ಸವೆಸಿದ ಕಲ್ಲು ಕಾಣುತ್ತವೆ. ಹತ್ತು ನಿಮಿಷ ಇವೆರಡೂ ಕಾಣಲಿಲ್ಲ ಅಂದರೆ ಮುಂದೆ ಹೋಗಬೇಡಿ, ಕೊನೆಯ ಕವಲಿಗೆ ವಾಪಸ್ ಬನ್ನಿ. ಅಡ್ಡದಾರಿ ಹಿಡಿದು ಹಳ್ಳಕ್ಕೆ ಇಳಿಯೋದಂತೂ ಬೇಡವೇ ಬೇಡ.

ಕಾಲುಗುರು ಹಿಂದಿನ ದಿನವೇ ಕತ್ತರಿಸಿಕೊಳ್ಳಿ, ಇಳಿಜಾರಿನಲ್ಲಿ ಬೆರಳು ಬೂಟಿಗೆ ಒತ್ತುತ್ತದೆ. ಹೆಡ್‌ಲ್ಯಾಂಪ್ ಇರಲಿ. ಹೊರಡುವ ಹಳ್ಳಿಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ, ತಲುಪಿದ ಮೇಲೆ ಅವರಿಗೆ ಫೋನ್ ಮಾಡಿ.