ಗುರ್ಜಿ ಆಡಿದ ವಾರದೊಳಗೆ ಮಳೆ ಬಂತು. ಇದು ಪ್ರಾರ್ಥನೆಯ ಫಲವೇ, ಕಾಕತಾಳೀಯವೇ?

ನೀವು ಕೇಳಿದ್ದು ಇಷ್ಟು: ಜುಲೈನಲ್ಲಿ ಊರವರು ಗುರ್ಜಿ ಆಡಿದರು, ಅಂದರೆ ಮಳೆ ಬೇಡಿ ಸಗಣಿಯ ಗುರ್ಜಿ ಮೂರ್ತಿಯನ್ನು ಹಂಚಿನ ಮೇಲಿಟ್ಟು ಹೊತ್ತು ಮನೆಮನೆಗೆ ತಿರುಗಿದರು. ವಾರದೊಳಗೆ ಮಳೆ ಬಂತು. ದೇವರು ಕೊಟ್ಟ ಅಂತ ಅಪ್ಪ ಹೇಳುತ್ತಾರೆ, ಸುಮ್ನೆ ಕಾಕತಾಳೀಯ ಅಂತ ಅಣ್ಣ ಹೇಳುತ್ತಾನೆ. ಯಾರ ಮಾತು ಸರಿ?

ಮಳೆಯ ಮಟ್ಟಿಗೆ ಅಣ್ಣನ ಮಾತೇ ಸರಿ. ನಾನು ಧಾರವಾಡದಲ್ಲಿ ಇರುವವನು. ನಮ್ಮ ಹೊಲ ನವಲಗುಂದದ ಕಡೆ, ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಹೆಸರುಕಾಳು ಬಿತ್ತಿ ಮುಗಿಲು ನೋಡುತ್ತಾ ಕೂರುವ ಸಂಕಟ ಏನು ಅಂತ ನಮ್ಮ ಮನೆಗೂ ಗೊತ್ತು. ಹಾಗಾಗಿ ಯಾರ ನಂಬಿಕೆಯನ್ನೂ ಹಗುರ ಮಾಡಲು ಇದನ್ನು ಬರೆಯುತ್ತಿಲ್ಲ.

ಗುರ್ಜಿ ಆಡುವುದು ಯಾವಾಗ ಅಂತ ನೋಡಿ. ಮಿರಗದ ಮಳೆ, ಅಂದರೆ ಜೂನ್‌ನ ಮೃಗಶಿರ ಮಳೆ, ಚೆನ್ನಾಗಿ ಆದ ವರ್ಷ ಯಾರೂ ಹಂಚು ಹೊತ್ತು ತಿರುಗುವುದಿಲ್ಲ. ಬಿತ್ತಿದ್ದು ಬಾಡತೊಡಗಿ, ಎರಿ ಹೊಲ ಬಿರುಕು ಬಿಟ್ಟ ಮೇಲೆ ಹಿರಿಯರು ಗುಡಿ ಮುಂದೆ ಸೇರುತ್ತಾರೆ. ಅಷ್ಟು ಹೊತ್ತಿಗೆ ಮಳೆ ಹೋಗಿ ಎರಡು ಮೂರು ವಾರ ಆಗಿರುತ್ತದೆ. ಮುಂಗಾರಿನ ಗುಣವೇ ಹಾಗೆ. ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮ ಸುರಿಯುವುದಿಲ್ಲ. ಮಳೆಯ ಪಟ್ಟಿ ಉತ್ತರಕ್ಕೆ, ಹಿಮಾಲಯದ ತಪ್ಪಲಿಗೆ ಸರಿದಾಗ ನಮ್ಮ ಕಡೆ ಬಿಡುವು ಬೀಳುತ್ತದೆ. ಮುಂದೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೋಡ ಮತ್ತೆ ಇತ್ತ ತಿರುಗುತ್ತದೆ. ಇಂಥ ಬಿಡುವು ಸಾಮಾನ್ಯವಾಗಿ ಕೆಲವು ದಿನದಿಂದ ಎರಡು ಮೂರು ವಾರದವರೆಗೆ ಇರುತ್ತದೆ. ಅಂದರೆ ನಾವು ಬೇಡಿಕೊಳ್ಳುವುದು ಹೆಚ್ಚಾಗಿ ಬಿಡುವು ಮುಗಿಯುವ ಹೊತ್ತಿಗೇ. ಜೊತೆಗೆ, ಒಂದು ಸಲ ಬೇಡಿ ಬಿಟ್ಟುಬಿಡುವುದೂ ಇಲ್ಲ. ಗುರ್ಜಿಗೆ ಬರದಿದ್ದರೆ ಏಳು ದಿನದ ಸಪ್ತಭಜನೆ ಕೂರಿಸುತ್ತಾರೆ, ಅದಕ್ಕೂ ಬರದಿದ್ದರೆ ಐದು ವಾರ ಹಿಡಿಯುತ್ತಾರೆ, ಅಂದರೆ ಐದು ವಾರ ವಾರಕ್ಕೊಂದು ದಿನ ದೇವರಿಗೆ ಬಿಡುತ್ತಾರೆ, ಆ ದಿನ ಎತ್ತು ಹೂಡುವುದಿಲ್ಲ. ಮುಸ್ಲಿಮರು ಈದ್ಗಾದಲ್ಲಿ ಮಳೆಗಾಗಿ ನಮಾಜ್ ಮಾಡುತ್ತಾರೆ. ಕೊನೆಗೆ ಮಳೆ ಬಂದಾಗ ಯಾವುದು ಕೊನೆಯದೋ ಅದಕ್ಕೆ ಹೆಸರು ಬರುತ್ತದೆ.

ಬೇಡಿದರೂ ಬಾರದ ವರ್ಷಗಳ ಕಥೆಯನ್ನು ಕಟ್ಟೆಯ ಮೇಲೆ ಯಾರೂ ಹೇಳುವುದಿಲ್ಲ, ಅಲ್ವಾ? 2023ನ್ನೇ ತಗೊಳ್ಳಿ. ಅಷ್ಟು ಒಣಗಿದ ಆಗಸ್ಟನ್ನು ದೇಶ 1901ರಿಂದೀಚೆಗೆ ಕಂಡಿರಲಿಲ್ಲ. ವಾಡಿಕೆಗಿಂತ ಶೇಕಡಾ 36ರಷ್ಟು ಮಳೆ ಕಡಿಮೆ. ಪೆಸಿಫಿಕ್ ಸಾಗರದ ನೀರು ಕಾದು, ನಮ್ಮ ಮುಂಗಾರನ್ನು ಹೆಚ್ಚಾಗಿ ಕುಗ್ಗಿಸುವ ಎಲ್ ನಿನೋ ಎದ್ದಿತ್ತು. ಆ ವರ್ಷ ಜನ ಬೇಡಿದ್ದು ಕಡಿಮೆಯೇನಲ್ಲ. 2019ರ ಜೂನ್‌ನಲ್ಲಂತೂ ಸರ್ಕಾರವೇ ಮುಜರಾಯಿ ದೇವಸ್ಥಾನಗಳಲ್ಲಿ ಮಳೆಗಾಗಿ ಪರ್ಜನ್ಯ ಹೋಮ ಮಾಡಿಸಿತು. ಆ ಜೂನ್ ದೇಶದಲ್ಲಿ ಶೇಕಡಾ 33ರಷ್ಟು ಕೊರತೆಯಲ್ಲೇ ಮುಗಿಯಿತು. ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ಕಡೆಯ ಊರುಗಳಿಗೆ ನುಗ್ಗಿತು. ಹೋಮಕ್ಕೆ ಫಲ ಸಿಕ್ಕಿತು ಅಂತ ಆ ಹೊಳೆದಂಡೆಯ ಜನರ ಮುಂದೆ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಇಂಥದ್ದನ್ನು ಸರಿಯಾಗಿ ಪರೀಕ್ಷೆ ಮಾಡುವ ದಾರಿ ಇದೆ. 2018 ಮತ್ತು 2019ರಲ್ಲಿ ಪುಣೆಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಮೋಡ ಬಿತ್ತನೆ ಮಾಡಿ ನೋಡಿದರು. ಅದೂ ನಮ್ಮಂತೆ ಘಟ್ಟದ ಮಳೆ ನೆರಳಿನ ಸೀಮೆ. 276 ಮೋಡಗಳಲ್ಲಿ ಕೆಲವಕ್ಕೆ ವಿಮಾನದಿಂದ ಉಪ್ಪಿನ ಕಣ ಸಿಡಿಸಿದರು, ಉಳಿದವನ್ನು ಹಾಗೇ ಬಿಟ್ಟರು. ಯಾವುದಕ್ಕೆ ಬಿತ್ತಬೇಕು ಅಂತ ತಾವೇ ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಆಮೇಲೆ ಹೋಲಿಸಿದಾಗ ಬಿತ್ತಿದ ಕಡೆ ಸರಾಸರಿ ಶೇಕಡಾ 18ರಷ್ಟು ಜಾಸ್ತಿ ಮಳೆ ಕಂಡಿತು. ಬಿಡದೇ ಇದ್ದಿದ್ದರೆ, ಅಂದರೆ ಎಲ್ಲ ಮೋಡಕ್ಕೂ ಬಿತ್ತಿದ್ದರೆ, ಬಂದ ಮಳೆ ಯಾರದ್ದು ಅಂತ ಅವರಿಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮೂರಲ್ಲಿ ಗುರ್ಜಿ ಆಡಿದ ವಾರ, ಆಡದ ಪಕ್ಕದ ಊರಲ್ಲೂ ಮಳೆ ಆಯಿತೇ? ಅಪ್ಪ ಅಣ್ಣ ಇಬ್ಬರೂ ಕೇಳಬೇಕಾದ ಪ್ರಶ್ನೆ ಅದು.

ಹಾಗಂತ ಗುರ್ಜಿ ಬಿಡಿ ಅಂತ ನಾನು ಹೇಳುವುದಿಲ್ಲ. ಬೋರಲು ಹಾಕಿದ ರೊಟ್ಟಿ ಹಂಚು, ಅದರ ಮೇಲೆ ಸಗಣಿಯ ಗುರ್ಜಿ, ನೆತ್ತಿಗೆ ಗರಿಕೆ. ಅದನ್ನು ಹೊತ್ತ ಹುಡುಗ ಬಾಗಿಲಿಗೆ ಬಂದಾಗ ಮನೆಯವರು ಕೊಡದಿಂದ ನೀರು ಸುರಿಯುತ್ತಾರೆ, ಅವನು ಗಿರಗಿರ ತಿರುಗುತ್ತಾನೆ. ಮನೆಮನೆಯಿಂದ ಜೋಳ, ಹಿಟ್ಟು, ಬೇಳೆ ಬರುತ್ತದೆ. ಎಲ್ಲವನ್ನೂ ಗುಡಿಯ ಹತ್ತಿರ ಒಟ್ಟಿಗೆ ಬೇಯಿಸಿ ಎಲ್ಲರೂ ಉಣ್ಣುತ್ತಾರೆ. ಬರ ಬಂದಾಗ ಮನುಷ್ಯ ಮನೆಯೊಳಗೆ ಒಬ್ಬನೇ ಕೂತು ಸಾಲದ ಲೆಕ್ಕ ಹಾಕುತ್ತಾನೆ. ಗುರ್ಜಿ ಅವನನ್ನು ಬೀದಿಗೆ ಕರೆಯುತ್ತದೆ. ಇದು ಸಣ್ಣ ಉಪಕಾರ ಅಲ್ಲ. ಮೋಡಕ್ಕೆ ಕೇಳಿಸದಿದ್ದರೂ ಊರಿಗೆ ಕೇಳಿಸುತ್ತದೆ. ಈ ಮಟ್ಟಿಗೆ ಅಪ್ಪನ ಜೊತೆ ನಾನೂ ಇದ್ದೇನೆ. ಆದರೆ ಗುರ್ಜಿ ಆಡಿದೆವು ಅಂತ ಬೆಳೆ ವಿಮೆಯ ಕೊನೆಯ ದಿನ ಮಾತ್ರ ದಾಟಿಸಬೇಡಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ಬೇರೆ ಒಂದಕ್ಕೆ. ತೊನ್ನು ಇದ್ದವರನ್ನು ಹೂತರೆ ಮಳೆ ಹೋಗುತ್ತದೆ ಅಂತ ನಮ್ಮ ಭಾಗದ ಕೆಲವು ಊರುಗಳಲ್ಲಿ ಹೆಣ ಅಗೆದು ತೆಗೆದದ್ದುಂಟು. ತೊನ್ನು ಅಂದರೆ ಚರ್ಮದ ಬಣ್ಣ ಹೋಗುವುದು ಅಷ್ಟೇ, ಅಂಟುವ ರೋಗವೂ ಅಲ್ಲ. ಸತ್ತವರ ಹೆಂಡತಿ ಮಕ್ಕಳು ಅದೇ ಊರಲ್ಲಿ ಬದುಕಬೇಕು. ಮಳೆ ಬರಲಿಲ್ಲ ಅನ್ನುವ ಹೊಣೆಯನ್ನು ಅವರ ತಲೆಗೆ ಕಟ್ಟುವುದು ಕ್ರೂರ. ಹೂತ ಹೆಣ ಹೀಗೆ ಅಗೆಯುವುದು ಕಾನೂನಿನಲ್ಲೂ ಅಪರಾಧ. ನಿಮ್ಮೂರಲ್ಲಿ ಯಾವತ್ತಾದರೂ ಅಂಥ ಮಾತು ಎದ್ದರೆ ಅಪ್ಪ, ಅಣ್ಣ ಇಬ್ಬರೂ ಕೂಡಿ ತಡೆಯಲಿ. ಪಂಚಾಯ್ತಿಯವರಿಗೆ ಹೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಪೊಲೀಸರಿಗೆ ತಿಳಿಸಿ.