ಕಡಲಿಂದ ಬರುವ ಕ್ರೂಸ್ ಕ್ಷಿಪಣಿ ದಡದ ರೇಡಾರ್‌ಗೆ ಮೊದಲೇ ಯಾಕೆ ಕಾಣಲ್ಲ?

ಭೂಮಿ ದುಂಡಗಿರುವುದೇ ಕಾರಣ. ರೇಡಾರ್ ಅಲೆಗಳು ಹೆಚ್ಚುಕಡಿಮೆ ನೇರ ಹೋಗುತ್ತವೆ, ಕಡಲು ಬಾಗುತ್ತಾ ಹೋಗುತ್ತದೆ. ಮಲ್ಪೆಯಲ್ಲಿ ನಿಂತು ನೋಡಿ: ದೂರ ಹೋದ ಬೋಟಿನ ಅಡಿಭಾಗ ಮೊದಲು ಮರೆಯಾಗುತ್ತದೆ, ಕೊನೆಗೆ ಮೇಲಿನ ಕಂಬ. ವಿಮಾನದ ಹಾಗೆ ತಗ್ಗಿನಲ್ಲಿ ಹಾರುವ ಕ್ರೂಸ್ ಕ್ಷಿಪಣಿ ಬರುವುದು ಇದೇ ಮರೆಯಲ್ಲಿ, ನೀರಿಗೆ ತಾಗಿದ ಹಾಗೆ.

ದಡದಲ್ಲಿ 25 ಮೀಟರ್ ಎತ್ತರದ ಟವರ್ ಮೇಲೆ ರೇಡಾರ್ ಇದೆ ಅನ್ನಿ. 10 ಮೀಟರ್ ಎತ್ತರದಲ್ಲಿ ಹಾರುವ ಕ್ಷಿಪಣಿ ಅದಕ್ಕೆ ಕಾಣುವುದು ಸುಮಾರು 34 ಕಿ.ಮೀ. ಹತ್ತಿರ ಬಂದಾಗಲೇ. ವೇಗ ಗಂಟೆಗೆ 900 ಕಿ.ಮೀ. ಆದರೆ ಉಳಿಯುವುದು ಎರಡೂಕಾಲು ನಿಮಿಷ. ಗುರುತಿಸಿ, ಗುರಿಯಿಟ್ಟು, ಹೊಡೆಯುವುದೆಲ್ಲ ಅಷ್ಟರಲ್ಲೇ ಮುಗಿಯಬೇಕು. ಶಬ್ದಕ್ಕಿಂತ ಹಲವು ಪಟ್ಟು ವೇಗದ ಬ್ರಹ್ಮೋಸ್‌ನಂಥ ಕ್ಷಿಪಣಿಯಾದರೆ ಒಂದು ನಿಮಿಷವೂ ಸಿಗಲ್ಲ.

ಹಾಗಾಗಿ ರೇಡಾರನ್ನೇ ವಿಮಾನದಲ್ಲಿಟ್ಟು ಮೇಲಕ್ಕೆ ಕಳಿಸುತ್ತಾರೆ. 9 ಕಿ.ಮೀ. ಮೇಲಿಂದ ದಿಗಂತ ಸುಮಾರು 400 ಕಿ.ಮೀ. ದೂರ ಸರಿಯುತ್ತದೆ. ನಮ್ಮ ವಾಯುಪಡೆಯ ‘ನೇತ್ರ’ ಇಂಥದ್ದೇ ವಿಮಾನ. ಹೊಡೆದುರುಳಿಸುವ ಕ್ಷಿಪಣಿಗಿಂತ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಕಾಣದ್ದನ್ನು ಹೊಡೆಯಲು ಆಗಲ್ಲ ಅಲ್ವಾ?