ಒಕ್ಲಹೋಮಾ ಸಿಟಿಗೆ ಬರುತ್ತಿದ್ದೀರಾ? ಮೊದಲು ಊರಿನ ಪೇಪರ್ ಹಿಡಿಯಿರಿ

ನಿಮ್ಮ ಪ್ರಶ್ನೆ ಓದಿದೆ. ಮೈಸೂರಿನಿಂದ ಜನವರಿಯಲ್ಲಿ ಒಕ್ಲಹೋಮಾ ಸಿಟಿಗೆ ಕೆಲಸಕ್ಕೆ ಬರುತ್ತಿದ್ದೀರಿ. ಇಲ್ಲಿಯ ಆಫೀಸಿನವರ ಜೊತೆ ಫೋನ್ ಮೀಟಿಂಗ್ ಶುರುವಾಗುವ ಮುಂಚೆ ಐದು ನಿಮಿಷ ಬರೀ ಇಲ್ಲಿಯ ಬ್ಯಾಸ್ಕೆಟ್‌ಬಾಲ್ ತಂಡ ಥಂಡರ್‌ನ ಮಾತು, ನಾನು ಸುಮ್ನೆ ಕೂತಿರುತ್ತೇನೆ ಅಂದಿದ್ದೀರಿ. ಇಎಸ್‌ಪಿಎನ್ ಅನ್ನುವ ದೇಶದ ಕ್ರೀಡಾ ಚಾನೆಲ್‌ನ ಸೈಟಿನಲ್ಲಿ ಹುಡುಕಿ ಓದಿದೆ, ಅಲ್ಲಿ ಬರೆದಿರುವುದಕ್ಕೂ ಇವರು ಆಡುವ ಮಾತಿಗೂ ತಾಳೆಯೇ ಆಗಲ್ಲ, ಏನು ಓದಲಿ ಅಕ್ಕ ಅಂತ ಕೇಳಿದ್ದೀರಿ. ಮನೆ, ಕಾರು, ದಿನಸಿ ಬಗ್ಗೆ ಬೇರೆಯವರು ಆಗಲೇ ಚೆನ್ನಾಗಿ ಹೇಳಿದ್ದಾರೆ. ನಾನು ಈ ಒಂದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ. ಇದು ಚಿಕ್ಕ ಪ್ರಶ್ನೆ ಅಂತ ನನಗೆ ಅನ್ನಿಸಲೇ ಇಲ್ಲ.

ನಾವೂ ಈ ತಂಡವೂ ಒಂದೇ ವರ್ಷ ಇಲ್ಲಿಗೆ ಬಂದವರು. 2008. ನಮ್ಮದು ಬೆಂಗಳೂರಿನಿಂದ, ಅದರದ್ದು ಸಿಯಾಟಲ್‌ನಿಂದ. ಸಿಯಾಟಲ್‌ನಲ್ಲಿ ಅದು 41 ವರ್ಷ ಸೂಪರ್‌ಸಾನಿಕ್ಸ್ ಆಗಿತ್ತು. ಅಲ್ಲಿಯವರಿಗೆ ಆ ನೋವು ಇವತ್ತಿಗೂ ಆರಿಲ್ಲ, ಆರಬೇಕು ಅಂತ ನಾನೂ ಹೇಳಲ್ಲ. ಇಲ್ಲಿ ಮೊದಲ ವರ್ಷ ತಂಡ ಆಡಿದ ಮೊದಲ 32 ಪಂದ್ಯಗಳಲ್ಲಿ ಗೆದ್ದಿದ್ದು ಮೂರೇ ಮೂರು. ಆ ಚಳಿಗಾಲ ನನಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ, ಗುರುತಿನವರೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಟೀಚರಮ್ಮ. ಅವರು ಬೆಳಿಗ್ಗೆ ಊರಿನ ಪೇಪರ್ 'ದಿ ಒಕ್ಲಹೋಮನ್' ಓದಿ ಮುಗಿಸಿ, ಕ್ರೀಡಾ ಪುಟವನ್ನು ನಾಲ್ಕು ಮಡಿಕೆ ಮಾಡಿ ಬೇಲಿಯ ಮೇಲಿಂದ ನನಗೆ ಕೊಡುತ್ತಿದ್ದರು. ಬ್ಯಾಸ್ಕೆಟ್‌ಬಾಲ್ ನನಗೆ ಅಆಇಈ ಗೊತ್ತಿರಲಿಲ್ಲ. ಆದರೂ ಓದಿದೆ. ಓದಿ ಮರುದಿನ ಬೇಲಿ ಹತ್ತಿರ ಮಾತಾಡಲು ಒಂದು ವಿಷಯ ಸಿಗುತ್ತಿತ್ತಲ್ಲ, ಅದಕ್ಕೆ.

ಮೈಸೂರಿನವರಿಗೆ ಇದನ್ನು ಹೇಳುವುದು ಸುಲಭ. ನಿಮ್ಮ ಮನೆಯಲ್ಲಿ 'ಆಂದೋಲನ'ವೋ 'ಮೈಸೂರು ಮಿತ್ರ'ವೋ ಬರುತ್ತಿರಬೇಕು. ಬೆಂಗಳೂರಿನ ಪತ್ರಿಕೆಗೆ ಮೈಸೂರು ನೆನಪಾಗುವುದು ದಸರಾ ಬಂದಾಗ. ನಿಮ್ಮ ಬಡಾವಣೆಯ ನೀರಿನ ಪೈಪು ಒಡೆದದ್ದು, ಮಾರ್ಕೆಟ್ ಕಟ್ಟಡದ ಜಗಳ, ಇವೆಲ್ಲ ಊರಿನ ಪೇಪರಿಗೇ ಬೇಕು. ಇಲ್ಲಿಯೂ ಹಾಗೇ. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಲ್ಲಿ ಕೂತು ಬರೆಯುವವರಿಗೆ ಒಕ್ಲಹೋಮಾ ಸಿಟಿ ಅಂದರೆ ಪ್ಲೇಆಫ್ ತಿಂಗಳು, ಸೀಸನ್ ಕೊನೆಗೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಸರಣಿಗಳ ಕಾಲ. ಇಲ್ಲದಿದ್ದರೆ, ಇಲ್ಲಿಂದ ಯಾವ ದೊಡ್ಡ ಆಟಗಾರ ಹೊರಡುತ್ತಾನೆ ಅನ್ನುವ ಲೆಕ್ಕ.

ಆ ಲೆಕ್ಕದ ಮಾತನ್ನು ನೀವು ಬೇಗ ಅರ್ಥ ಮಾಡಿಕೊಳ್ಳಬೇಕು, ಯಾಕೆಂದರೆ ಇಲ್ಲಿಯವರಿಗೆ ಅದು ಚುಚ್ಚಿದ ಮುಳ್ಳು. 2015-16ರ ಇಡೀ ಸೀಸನ್ ದೇಶದ ಪತ್ರಿಕೆ, ಟಿವಿಗಳಲ್ಲಿ ಒಂದೇ ಪ್ರಶ್ನೆ: ನಮ್ಮ ತಂಡದ ದೊಡ್ಡ ತಾರೆ ಕೆವಿನ್ ಡ್ಯುರಾಂಟ್ ಎಲ್ಲಿಗೆ ಹೋಗುತ್ತಾನೆ? ಆ ವರ್ಷ ಪ್ಲೇಆಫ್‌ನಲ್ಲಿ, ನಾಲ್ಕು ಪಂದ್ಯ ಗೆದ್ದವರು ಮುಂದೆ ಹೋಗುವ ಸರಣಿಯಲ್ಲಿ, ತಂಡ ಗೋಲ್ಡನ್ ಸ್ಟೇಟ್ ತಂಡದ ಮೇಲೆ 3-1 ಮುಂದಿತ್ತು. ಆಮೇಲೆ ಮೂರು ಪಂದ್ಯ ಸೋತು ಹೊರಬಿತ್ತು. 2016ರ ಜುಲೈ 4, ಇಲ್ಲಿಯ ಸ್ವಾತಂತ್ರ್ಯ ದಿನ. ಬೆಳಿಗ್ಗೆ ಡ್ಯುರಾಂಟ್ ತಾನು ಗೋಲ್ಡನ್ ಸ್ಟೇಟ್‌ಗೇ ಸೇರುತ್ತೇನೆ ಅಂತ ಬರೆದು ತಿಳಿಸಿದ. ನಮ್ಮ ಬೀದಿಯಲ್ಲಿ ಗ್ರಿಲ್ ಹಚ್ಚಿ ಮಾಂಸ ಸುಡಲು ಕೂತಿದ್ದರು. ಎದುರು ಮನೆಯ ಹುಡುಗ ಒಳಗೆ ಹೋದ, ಡ್ಯುರಾಂಟ್‌ನ 35 ನಂಬರಿನ ಜೆರ್ಸಿ ಬಿಚ್ಚಿ ಬೇರೆ ಅಂಗಿ ಹಾಕಿಕೊಂಡು ಬಂದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಟೀಚರಮ್ಮ ಮೆಕ್ಕೆಜೋಳದ ಸಿಪ್ಪೆ ಸುಲಿಯುತ್ತಲೇ ಇದ್ದರು.

ಅವತ್ತು ಫೋನಿನಲ್ಲಿ ನಾನು ಎರಡೂ ಕಡೆಯದ್ದು ಓದಿದೆ. ದೇಶದ ಬರಹಗಾರರು ಗೋಲ್ಡನ್ ಸ್ಟೇಟ್ ಇನ್ನು ಎಷ್ಟು ಪಂದ್ಯ ಗೆಲ್ಲುತ್ತದೆ ಅಂತ ಬರೆಯುತ್ತಿದ್ದರು. ತಪ್ಪಲ್ಲ, ಅವರ ಓದುಗರಿಗೆ ಬೇಕಿದ್ದದ್ದು ಅದೇ. ಊರಿನವರು ಊರಿನ ಬಗ್ಗೆ ಬರೆದರು. ಎಂಟು ವರ್ಷ ಮನೆಮಗನ ಹಾಗೆ ಇದ್ದವನು ಹೋದರೆ ಒಂದು ಊರು ಏನು ಮಾಡಬೇಕು ಅಂತ. ಒಂದೇ ಸುದ್ದಿ. ಒಂದು ಕಡೆ ಅದು ಹೋಗಿ ಸೇರುವ ಜಾಗದಿಂದ ನೋಡಿದ್ದು, ಇನ್ನೊಂದು ಕಡೆ ಬಿಟ್ಟುಹೋದ ಜಾಗದಿಂದ.

ಹಾಗಂತ ಊರಿನ ಪೇಪರ್ ಊರಿನ ತಂಡವನ್ನು ಬರೀ ಹೊಗಳುತ್ತದೆ ಅಂದುಕೊಳ್ಳಬೇಡಿ. 2014ರ ಮೇ 1ರಂದು, ಮೆಂಫಿಸ್ ಎದುರು ತಂಡ 3-2 ಹಿಂದಿದ್ದಾಗ, ಒಕ್ಲಹೋಮನ್ ಕ್ರೀಡಾ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಡ್ಯುರಾಂಟ್‌ಗೆ 'ಮಿಸ್ಟರ್ ಅನ್‌ರಿಲಯಬಲ್' ಅಂತ ತಲೆಬರಹ ಹಾಕಿತು. ನೆಚ್ಚಲಾಗದವನು ಅಂತ! ಆ ವರ್ಷ ಲೀಗಿನಲ್ಲೇ ಎಲ್ಲರಿಗಿಂತ ಜಾಸ್ತಿ ಅಂಕ ಗಳಿಸಿದವನಿಗೆ. ದೇಶವಿಡೀ ಆ ಪುಟದ ಫೋಟೋ ಹರಿದಾಡಿತು. ಕ್ರೀಡಾ ಸಂಪಾದಕರು ಕ್ಷಮೆ ಕೇಳಿದರು. ಡ್ಯುರಾಂಟ್ ಮುಂದಿನ ಪಂದ್ಯದಲ್ಲಿ 36 ಅಂಕ ಹೊಡೆದ, ತಂಡ ಸರಣಿಯನ್ನೂ ಗೆದ್ದಿತು. ತಲೆಬರಹ ಬಂದ ಐದು ದಿನದ ನಂತರ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ತೆಗೆದುಕೊಂಡು, ಅಮ್ಮನನ್ನು ನೆನೆದು ಅತ್ತ. ಆ ತಲೆಬರಹ ನನಗೆ ಇವತ್ತಿಗೂ ಬೇಸರ. ಆದರೆ ಅದರಿಂದ ಒಂದು ಗೊತ್ತಾಯಿತು. ಚಿಕ್ಕ ಊರಿನ ಪೇಪರ್ ತಪ್ಪು ಮಾಡಿದರೆ ಮರುದಿನ ಅದೇ ಜನರ ಮುಖ ನೋಡಬೇಕು.

ಇದೇ ಮುಖ್ಯವಾದ ಮಾತು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮಲ್ಲಿ ಕ್ರೈಂ ಬೀಟ್, ಅಸೆಂಬ್ಲಿ ಬೀಟ್ ಇದ್ದ ಹಾಗೆ ಇಲ್ಲಿ ಒಂದು ತಂಡಕ್ಕೇ ಒಬ್ಬ ಬೀಟ್ ವರದಿಗಾರ ಇರುತ್ತಾರೆ. ಸೀಸನ್ನಿಗೆ 82 ಪಂದ್ಯ, ಅದರ ಮೇಲೆ ಪ್ಲೇಆಫ್. ಬೆಳಿಗ್ಗೆ ಅಭ್ಯಾಸ, ರಾತ್ರಿ ಪಂದ್ಯ, ಆಮೇಲೆ ಕೋಚ್ ಮಾತು, ಆಮೇಲೆ ಆಟಗಾರರು ಬಟ್ಟೆ ಬದಲಿಸುವ ಕೋಣೆ. ಹೊರಗಿನ ಬರಹಗಾರ ಒಂದು ಖಾರವಾದ ಪ್ರಶ್ನೆ ಕೇಳಿ ಫ್ಲೈಟ್ ಹತ್ತಬಹುದು. ಊರಿನವರು ನಾಳೆಯೂ ಅದೇ ಕೋಣೆಯಲ್ಲಿ, ಅದೇ ಆಟಗಾರನ ಎದುರು ನಿಲ್ಲಬೇಕು.

ಥಂಡರ್ ಆಟಗಾರ ರಸೆಲ್ ವೆಸ್ಟ್‌ಬ್ರೂಕ್ ಮತ್ತು ಒಕ್ಲಹೋಮನ್ ಅಂಕಣಕಾರರಾಗಿದ್ದ ಬೆರಿ ಟ್ರ್ಯಾಮೆಲ್ ಅವರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಆಫೀಸಿನಲ್ಲಿ ಯಾರಾದರೂ 'ನೆಕ್ಸ್ಟ್ ಕ್ವೆಶ್ಚನ್' ಅಂದು ನಕ್ಕರೆ ಅದು ಇದೇ. 2017ರ ಪ್ಲೇಆಫ್, ಹ್ಯೂಸ್ಟನ್ ಎದುರು. ವೆಸ್ಟ್‌ಬ್ರೂಕ್ ಬೆಂಚಿನಲ್ಲಿ ಕೂತಾಗಲೆಲ್ಲ ತಂಡ ಯಾಕೆ ತಡವರಿಸುತ್ತದೆ ಅಂತ ಟ್ರ್ಯಾಮೆಲ್, ವೆಸ್ಟ್‌ಬ್ರೂಕ್ ಪಕ್ಕದಲ್ಲೇ ಇದ್ದ ಸಹ ಆಟಗಾರ ಸ್ಟೀವನ್ ಆ್ಯಡಮ್ಸ್‌ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ, ಅಂಕಿಗಳಲ್ಲೂ ಅದು ಕಾಣುತ್ತಿತ್ತು. ವೆಸ್ಟ್‌ಬ್ರೂಕ್ ನಡುವೆ ಬಾಯಿ ಹಾಕಿ, ನಮ್ಮನ್ನು ಒಡೆಯಬೇಡಿ, ನಾವೆಲ್ಲ ಒಂದೇ ತಂಡ ಅನ್ನುವ ಅರ್ಥದಲ್ಲಿ ಮಾತು ನಿಲ್ಲಿಸಿದ. 2019ರಲ್ಲಿ ಪೋರ್ಟ್‌ಲ್ಯಾಂಡ್ ಎದುರು ಆಡುವಾಗ ಟ್ರ್ಯಾಮೆಲ್ ಏನು ಕೇಳಿದರೂ ಅವನದು ಒಂದೇ ಉತ್ತರ: ಮುಂದಿನ ಪ್ರಶ್ನೆ. ದೇಶದ ಟಿವಿಗಳಿಗೆ ಅದು ಒಂದು ನಿಮಿಷದ ವಿಡಿಯೋ. ನನಗೆ ಕಂಡದ್ದು ಬೇರೆ. ಉತ್ತರ ಸಿಗಲ್ಲ ಅಂತ ಗೊತ್ತಿದ್ದೂ ಆ ಹಿರಿಯರು ಮತ್ತೆ ಬಂದು, ಅದೇ ಕುರ್ಚಿಯಲ್ಲಿ ಕೂತು, ಮೆತ್ತಗಿನ ದನಿಯಲ್ಲಿ ಮತ್ತೆ ಕೇಳುತ್ತಿದ್ದರು. ನನಗೆ ವೆಸ್ಟ್‌ಬ್ರೂಕ್ ಅಂದರೆ ಬಹಳ ಪ್ರೀತಿ. ಡ್ಯುರಾಂಟ್ ಹೋದ ವರ್ಷ ಊರಿನ ಮಾನ ಉಳಿಸಿದವನು ಅವನೇ, ಒಂದೇ ಸೀಸನ್ನಿನಲ್ಲಿ 42 ಟ್ರಿಪಲ್ ಡಬಲ್, ಅಂದರೆ ಒಂದೇ ಪಂದ್ಯದಲ್ಲಿ ಅಂಕ, ರಿಬೌಂಡ್, ಅಸಿಸ್ಟ್‌ನಂಥ ಮೂರು ಲೆಕ್ಕದಲ್ಲಿ ಹತ್ತು ಅಥವಾ ಹೆಚ್ಚು. ಆದರೂ ಈ ವಿಷಯದಲ್ಲಿ ನಾನು ಟ್ರ್ಯಾಮೆಲ್ ಕಡೆ.

ಇನ್ನು ಸೋತ ವರ್ಷಗಳು. 2019ರ ಜುಲೈನಲ್ಲಿ ತಾರಾ ಆಟಗಾರ ಪಾಲ್ ಜಾರ್ಜ್‌ನನ್ನು ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್ ತಂಡಕ್ಕೆ ಕೊಟ್ಟು, ಶೇ ಗಿಲ್ಜಸ್ ಅಲೆಕ್ಸಾಂಡರ್‌ನನ್ನೂ ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟಿನಲ್ಲಿ ಹೊಸ ಹುಡುಗರನ್ನು ಆರಿಸುವ ಸರದಿಗಳ ದೊಡ್ಡ ಗಂಟನ್ನೂ ತಂದರು. ಹೊರಗಿನವರು ಆ ಸರದಿಗಳನ್ನೇ ಎಣಿಸುತ್ತಿದ್ದರು. ಒಂದು ವರ್ಷ 22 ಗೆಲುವು, ಮುಂದಿನ ವರ್ಷ 24. 2021ರ ಡಿಸೆಂಬರ್ 2ರಂದು ಮೆಂಫಿಸ್‌ನಲ್ಲಿ 73 ಅಂಕಗಳಿಂದ ಸೋತರು. ಎನ್‌ಬಿಎ, ಅಂದರೆ ಈ ಲೀಗಿನ ಇತಿಹಾಸದಲ್ಲೇ ಅಷ್ಟು ದೊಡ್ಡ ಸೋಲು ಇನ್ನೊಂದಿರಲಿಲ್ಲ. ಅವತ್ತು ಒಂದು ದಿನ ದೇಶಕ್ಕೆಲ್ಲ ನಾವು ನೆನಪಾದೆವು. ಮಿಕ್ಕ ದಿನ ಬರೆದದ್ದು ಊರಿನವರೇ. ಲೂ ಡಾರ್ಟ್ ಅನ್ನುವ, ಡ್ರಾಫ್ಟಿನಲ್ಲಿ ಯಾರೂ ಆರಿಸದ ಹುಡುಗ ಎದುರಾಳಿಯನ್ನು ಹೇಗೆ ಕಟ್ಟಿಹಾಕುತ್ತಾನೆ, ಶೇ ಓಡುತ್ತಾ ಓಡುತ್ತಾ ಹೇಗೆ ಥಟ್ಟನೆ ನಿಂತುಬಿಡುತ್ತಾನೆ, ಇವನ್ನೆಲ್ಲ ನಾನು ಓದಿದ್ದು ಅವರಿಂದ. 2024ರಲ್ಲಿ ಪಶ್ಚಿಮ ವಿಭಾಗದಲ್ಲಿ ನಮ್ಮದೇ ಮೊದಲ ಸ್ಥಾನ. ಆದರೂ ಆ ವರ್ಷ ಕ್ರಿಸ್ಮಸ್ ದಿನ ದೇಶಕ್ಕೆಲ್ಲ ತೋರಿಸಲು ಆಡಿಸಿದ ಐದು ಪಂದ್ಯಗಳಲ್ಲಿ ನಮಗೆ ಜಾಗ ಇರಲಿಲ್ಲ. ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡಕ್ಕೆ ಇತ್ತು. 2025ರ ಜೂನ್‌ನಲ್ಲಿ ಇಂಡಿಯಾನಾ ಎದುರು ಏಳನೇ ಪಂದ್ಯ 103-91ರಿಂದ ಗೆದ್ದು ಚಾಂಪಿಯನ್ ಆದ ಮೇಲೆ ಕ್ರಿಸ್ಮಸ್‌ಗೂ ಕರೆ ಬಂತು. ಆ ಫೈನಲ್‌ನಲ್ಲಿ ಎರಡೂ ಚಿಕ್ಕ ಊರಿನ ತಂಡಗಳೇ, ಹಾಗಾಗಿ ಹೊರಗೆ ನಡೆದ ದೊಡ್ಡ ಚರ್ಚೆ ಟಿವಿಯಲ್ಲಿ ಎಷ್ಟು ಜನ ನೋಡುತ್ತಾರೆ ಅಂತ. ಅಷ್ಟು ಒಳ್ಳೆಯ ಏಳು ಪಂದ್ಯ ಕಣ್ಣೆದುರಿಗೆ ಇಟ್ಟುಕೊಂಡು ಆ ಮಾತು ಯಾಕೆ ಬೇಕಿತ್ತೋ ನನಗೆ ತಿಳಿಯಲಿಲ್ಲ.

ಊರಿನ ಪೇಪರ್ ಓದಲು ಇನ್ನೊಂದು ಕಾರಣ ನಿಮ್ಮ ಜೇಬು. ಹೊಸ ಕ್ರೀಡಾಂಗಣ ಕಟ್ಟಲು ಕನಿಷ್ಠ 900 ಮಿಲಿಯನ್ ಡಾಲರ್ ಬೇಕು ಅಂತ 2023ರ ಡಿಸೆಂಬರ್ 12ರಂದು ಇಲ್ಲಿ ಮತದಾನ ಆಯಿತು. ಆರು ವರ್ಷ ಒಂದು ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್. ತಂಡದ ಮಾಲೀಕರು ಹಾಕುವುದು 50 ಮಿಲಿಯನ್. ನೂರಕ್ಕೆ 71 ಜನ ಒಪ್ಪಿದರು. ತಂಡದ ಮಾಲೀಕರು ಇನ್ನೂ ಜಾಸ್ತಿ ಕೊಡಬೇಕಿತ್ತಾ, ಕೊಡದಿದ್ದರೆ ತಂಡ ಊರು ಬಿಡುತ್ತಿತ್ತಾ? ಸಿಯಾಟಲ್‌ನಿಂದ ತಂಡ ತಂದ ಊರಿಗೆ ಆ ಭಯ ಚೆನ್ನಾಗಿ ಗೊತ್ತು. ಪರ ವಿರೋಧ ಎರಡನ್ನೂ ವಾರಗಟ್ಟಲೆ ಬಿಡಿಸಿ ಬರೆದದ್ದು ಊರಿನ ವರದಿಗಾರರು. ನೀವು ಇಲ್ಲಿ ನೆಲೆ ನಿಂತರೆ ಆ ತೆರಿಗೆ ನೀವೂ ಕಟ್ಟುತ್ತೀರಿ.

ಡೌನ್‌ಟೌನಿನಲ್ಲಿ ಒಂದು ಸ್ಮಾರಕ ಇದೆ. 1995ರ ಏಪ್ರಿಲ್ 19ರ ಬೆಳಿಗ್ಗೆ 9 ಗಂಟೆ 2 ನಿಮಿಷಕ್ಕೆ ಬಾಂಬ್ ಸಿಡಿದು 168 ಜನ ಸತ್ತ ಜಾಗ. ಹುಲ್ಲಿನ ಮೇಲೆ 168 ಖಾಲಿ ಕುರ್ಚಿಗಳು, ಅದರಲ್ಲಿ 19 ಚಿಕ್ಕವು, ಮಕ್ಕಳದ್ದು. ತಂಡದ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ, ಹೊಸದಾಗಿ ಬರುವ ಪ್ರತಿಯೊಬ್ಬ ಆಟಗಾರನೂ ಅಲ್ಲಿಗೆ ಹೋಗಿ ಬರಬೇಕು ಅಂತ ರೂಢಿ ಮಾಡಿದ್ದಾರೆ. ಇದು ನನಗೆ ತಿಳಿದದ್ದೂ ಕ್ರೀಡಾ ಪುಟದಲ್ಲೇ. ಅದನ್ನು ಓದಿದ ಮೇಲೆ ಬಂದ ಭಾನುವಾರ ನಾವೂ ಹೋದೆವು. ಆ ಚಿಕ್ಕ ಕುರ್ಚಿಗಳ ಮುಂದೆ ನಿಂತ ಮೇಲೆ ಈ ಊರು ನನಗೆ ಪರದೇಶ ಅನ್ನಿಸಲಿಲ್ಲ. ನೀವೂ ಬಂದ ಮೊದಲ ವಾರವೇ ಹೋಗಿ.

ದೇಶದ ಬರಹಗಾರರನ್ನು ಬಿಟ್ಟುಬಿಡಿ ಅಂತ ಅಲ್ಲ. ಅವರು 30 ತಂಡಗಳನ್ನೂ ನೋಡಿ ತೂಗಿ ಹೇಳುತ್ತಾರೆ. ಶೇಗೆ ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಅಡ್ಡಿಯಿಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ, ಜಾಸ್ತಿ ಸಿಗುತ್ತದೆ, ಬೇಕಂತಲೇ ಫೌಲ್ ಗಿಟ್ಟಿಸುತ್ತಾನೆ ಅಂತ ಹೊರಗಿನವರು ಬರೆದಾಗ ಇಲ್ಲಿ ಎಲ್ಲರಿಗೂ ಸಿಟ್ಟು. ನಾನು ಎರಡನ್ನೂ ಓದುತ್ತೇನೆ. ಕೆಲವು ಸಲ ಹೊರಗಿನವರು ಹೇಳಿದ್ದು ಸರಿ ಅಂತಲೂ ಅನ್ನಿಸುತ್ತದೆ. ಸ್ವಂತ ಮಕ್ಕಳ ತಪ್ಪು ನಮಗೆ ಕಾಣಲ್ಲ ಅಲ್ವಾ? ಯಾರನ್ನು ಯಾವ ತಂಡ ತೆಗೆದುಕೊಂಡಿತು ಅನ್ನುವ ಸುದ್ದಿಯೂ ಮೊದಲು ಹೊರಗಿನವರಿಗೇ ಸಿಗುತ್ತದೆ. ಥಂಡರ್‌ನವರು ಒಳಗಿನ ಮಾತನ್ನು ಊರಿನ ವರದಿಗಾರರಿಗೂ ಬಿಟ್ಟುಕೊಡಲ್ಲ.

ಇನ್ನು ನಿಮಗೆ ಬೇಕಾದ ಎರಡು ಮಾತು. ಎನ್‌ಬಿಎ ಪಂದ್ಯಗಳನ್ನು ಆನ್‌ಲೈನ್ ತೋರಿಸುವ ಲೀಗ್ ಪಾಸ್‌ಗೆ ಈಗಲೇ ದುಡ್ಡು ಕಟ್ಟಬೇಡಿ. ಮೈಸೂರಿನಲ್ಲಿ ಅದು ಸರಿ. ಇಲ್ಲಿ ಕೂತು ನೋಡಿದರೆ ಥಂಡರ್ ಪಂದ್ಯವನ್ನೇ ಅದರಲ್ಲಿ ಲೈವ್ ತೋರಿಸಲ್ಲ. ಕಾರಿನಲ್ಲಿ 98.1 ಹಾಕಿ, ಮೊದಲ ವರ್ಷದಿಂದಲೂ ಮ್ಯಾಟ್ ಪಿಂಟೋ ರೇಡಿಯೋದಲ್ಲಿ ಹೇಳುತ್ತಿದ್ದಾರೆ, ನನ್ನ ಇಂಗ್ಲಿಷ್ ಕಿವಿ ಪಳಗಿದ್ದು ಆ ದನಿಯಲ್ಲೇ. ಪೇಪರ್ ಓದಲು ಲೈಬ್ರರಿ ಇದೆ, ಕಾರ್ಡ್ ಪುಕ್ಕಟೆ ಸಿಗುತ್ತದೆ, ಬಂದ ತಕ್ಷಣ ಮಾಡಿಸಿ. ಪಂದ್ಯಕ್ಕೆ ಹೋದರೆ ನಮ್ಮ ತಂಡ ಮೊದಲ ಬುಟ್ಟಿ ಹಾಕುವವರೆಗೂ ಯಾರೂ ಕೂರಲ್ಲ, ನೀವೂ ನಿಂತಿರಿ.

ಟೀಚರಮ್ಮ ಈಗ ಮಗಳ ಜೊತೆ ಟಲ್ಸಾದಲ್ಲಿದ್ದಾರೆ. 2025ರ ಜೂನ್‌ನಲ್ಲಿ ಚಾಂಪಿಯನ್ ಆದ ಮೇಲೆ ಅವರಿಂದ ಒಂದು ಲಕೋಟೆ ಬಂತು. ಒಳಗೆ ಒಂದೇ ಪುಟ, ನಾಲ್ಕು ಮಡಿಕೆ. ಅದನ್ನು ಫ್ರೇಮ್ ಹಾಕಿಸಿ ಅಡುಗೆಮನೆ ಬಾಗಿಲ ಪಕ್ಕ ಇಟ್ಟಿದ್ದೇನೆ, ಮಡಿಕೆಯ ಗೆರೆಗಳು ಇನ್ನೂ ಹಾಗೇ ಇವೆ. ಜನವರಿಯಲ್ಲಿ ಬಂದಾಗ ಮನೆಗೆ ಊಟಕ್ಕೆ ಬನ್ನಿ, ತೋರಿಸುತ್ತೇನೆ.